ಮೂರು ತಿಂಗಳ ಸಂಬಳ

ಬೂಟು ಬಿಚ್ಚಿ ಒಳಗೆ ಬನ್ನಿ, ಗೆರ್ನೋಟ್ ಅವರೇ.
ಚಪ್ಪಲಿ ಅಲ್ಲಿದೆ, ನಿಮಗೆ ಸ್ವಲ್ಪ ಚಿಕ್ಕದಾದೀತು.
ಗ್ರಾಟ್ಸ್‌ನಿಂದ ನಿಶ್‌ವರೆಗೆ ಒಂದೇ ಉಸಿರಿಗೆ ಬಂದಿರಂತೆ,
ಒಂದಿಷ್ಟು ಗಾಜಿನ ಆಸೆಗೆ.
ಮೊದಲು ಕಾಫಿ. ತಾಳಿ, ಗಸಿ ಕೆಳಗಿಳಿಯಲಿ.

ಪೆಟ್ಟಿಗೆಗಳು ಮಂಚದಡಿ ಇವೆ, ಏಳು.
ನಾನು ಬಗ್ಗಲಾರೆ, ನೀವೇ ಎಳೆಯಿರಿ.
ಮುನ್ನೂರ ಹನ್ನೆರಡು ವಾಲ್ವು ಇರಬೇಕು.
ಮುನ್ನೂರ ಹದಿನೈದಿದ್ದವು.
ಒಂದು ಹೋದದ್ದು ಹನ್ನೆರಡು ಮೊಟ್ಟೆಗೆ,
ಒಂದು ಜ್ವರದ ಮಾತ್ರೆಗೆ.
ಮೂರನೆಯದರ ಕಥೆ ಆಮೇಲೆ.

ಇದೇನು ನಿಮ್ಮ ಯಂತ್ರ, ಸೂಟ್‌ಕೇಸಿನಷ್ಟು?
ಮುಳ್ಳು ಹಸಿರಿಗೆ ಹತ್ತಿದರೆ ಜೀವವಿದೆ,
ಕೆಂಪಿನಲ್ಲೇ ಕೂತರೆ ಇಲ್ಲ.
ಮೊನ್ನೆ ಡಾಕ್ಟರೂ ನನ್ನ ನೋಡಿ ಹೀಗೇ ಅಂದರು, ಯಂತ್ರವಿಲ್ಲದೆ.
ನನಗೆ ಮುಳ್ಳು ಬೇಡ. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು:
ನೆತ್ತಿಯ ಒಳಗೋಡೆಗೆ ಬೆಳ್ಳಿ ಬಳಿದಂತಿದೆಯಲ್ಲ,
ಅದು ಕನ್ನಡಿಯಂತೆ ಹೊಳೆದರೆ ಸರಿ.
ಹಾಲಿನಂತೆ ಬಿಳಿಚಿಕೊಂಡಿದ್ದರೆ
ಗಾಳಿ ಹೊಕ್ಕಿದೆ, ಕಸಕ್ಕೆ ಹಾಕಿ.
ಕೂದಲಿಗಿಂತ ಸಣ್ಣ ತಂತಿ ಸುತ್ತುತ್ತ, ಸೀನು ನುಂಗುತ್ತ
ಹತ್ತೊಂಬತ್ತು ವರ್ಷ ನಾವು ಕಾವಲು ಕಾದದ್ದು
ಒಳಗಿನ ಆ ಏನೂ ಇಲ್ಲವನ್ನೇ.

ರಟ್ಟಿನ ಡಬ್ಬಿ ಎಲ್ಲಿ ಅಂತೀರಾ?
ಡಬ್ಬಿಯಿದ್ದರೆ ಒಂದೊಂದಕ್ಕೂ ಹದಿನೈದು ಯೂರೋ ಹೆಚ್ಚೇ?
ಅಯ್ಯೋ.
ಇನ್ನೂರು ಡಬ್ಬಿಯನ್ನು ಆ ಚಳಿಗಾಲ ಒಲೆಗೆ ಹಾಕಿದೆವು,
ನಾನೂ ಝಿವ್ಕಾಳೂ, ಒಂದು ಸಂಜೆಗೆ.
ನಿಮ್ಮ ಲೆಕ್ಕದಲ್ಲಿ ಮೂರು ಸಾವಿರ ಯೂರೋ.
ಅಷ್ಟು ದುಬಾರಿ ಬೆಂಕಿಗೆ
ಯಾವ ದೊರೆಯೂ ಕೈ ಕಾಸಿರಲಿಕ್ಕಿಲ್ಲ.

ತೊಂಬತ್ತಮೂರು. ಬೆಳಗಿನ ಸಂಬಳ
ಸಂಜೆಯ ಹೊತ್ತಿಗೆ ಒಂದು ಬೆಂಕಿಪೊಟ್ಟಣ.
ವಾರಕ್ಕೊಂದು ಹೊಸ ನೋಟು, ಪ್ರತಿ ನೋಟಿಗೂ ಹೊಸ ಸೊನ್ನೆಗಳು.
ಆ ಸೊನ್ನೆಗಳ ಒಳಗೂ ಏನೂ ಇರಲಿಲ್ಲ, ನಿಜ,
ಆದರೆ ಆ ಏನೂ ಇಲ್ಲಕ್ಕೆ ದೀಪ ಹತ್ತುತ್ತಿರಲಿಲ್ಲ.
ಡಿಸೆಂಬರಿನಲ್ಲಿ ಮ್ಯಾನೇಜರು ಸಾಲಾಗಿ ನಿಲ್ಲಿಸಿ
ಮುಖ ನೋಡದೆ ಪೆಟ್ಟಿಗೆ ಹಂಚಿದ:
ಮೂರು ತಿಂಗಳದ್ದು, ತಗೊಳ್ಳಿ, ಸಹಿ ಹಾಕಿ.
ನಾವು ಮಾಡಿದ್ದನ್ನೇ ನಮಗೆ ಕೊಟ್ಟ.
ಮಕ್ಕಳ ಜಾರುಬಂಡಿಗೆ ಹಗ್ಗ ಕಟ್ಟಿ
ಹಿಮದಲ್ಲಿ ಎಳೆದುಕೊಂಡು ಬಂದೆವು,
ಮಗುವನ್ನು ಎಳೆದಷ್ಟೇ ನಿಧಾನ.

ಆ ಜರ್ಮನ್ ಹೆಸರಿನವನ್ನು ಬೇರೆ ಇಟ್ಟಿರಿ, ನೋಡಿದೆ.
ಹೆಚ್ಚು ಬೆಲೆಯವೇ? ದನಿ ಹೆಚ್ಚು ಮೃದುವೇ?
ಆ ಮುದ್ರೆ ಒತ್ತಿದವಳು ಝಿವ್ಕಾ.
ಊಟಕ್ಕೆ ಮುಂಚೆ ನಮ್ಮ ಹೆಸರು,
ಊಟವಾದ ಮೇಲೆ ಅವರದು.
ವಾಲ್ವು ಅದೇ, ಮೇಜು ಅದೇ,
ಅವಳ ಬೆರಳಿನ ಬೆಳ್ಳುಳ್ಳಿ ವಾಸನೆಯೂ ಅದೇ.
ನೀವು ನಗುತ್ತಿಲ್ಲ.
ಇರಲಿ, ಬೇರೆಯೇ ಇಡಿ. ಕೊಳ್ಳುವವರ ಕಿವಿ
ಕಣ್ಣಿನಲ್ಲಿದ್ದರೆ ನನ್ನದೇನು ಹೋಯಿತು.

ಎಷ್ಟು ಅಂದಿರಿ?

ಇನ್ನೊಮ್ಮೆ ಹೇಳಿ.

ಚೌಕಾಸಿ ಮಾಡುವುದಿಲ್ಲ ಗೆರ್ನೋಟ್ ಅವರೇ,
ನಿಮ್ಮ ಮುಖ ನೋಡಿದರೆ ಗೊತ್ತಾಗುತ್ತದೆ,
ಇನ್ನೂ ನಾನೂರು ಕೇಳಿದರೆ ಕೊಡುತ್ತೀರಿ.
ಕೇಳಿದೆ ಅಂದುಕೊಳ್ಳಿ. ಅದು ಝಿವ್ಕಾಳ ಮಗಳಿಗೆ.
ಆದರೆ ಆ ದೊಡ್ಡ ನೋಟು ಬೇಡ,
ಹತ್ತರವು ಕೊಡಿ, ಐದರವಿದ್ದರೆ ಇನ್ನೂ ಒಳ್ಳೆಯದು.
ಸೊನ್ನೆ ಜಾಸ್ತಿ ಕಂಡರೆ ನನಗೆ ಈಗಲೂ
ಓಡಿಹೋಗಿ ಬ್ರೆಡ್ಡು ಕೊಳ್ಳಬೇಕು ಅನ್ನಿಸುತ್ತದೆ.

ಇಳಿಯುವಾಗ ಎರಡನೇ ಮಹಡಿಯ ತಿರುವಿನಲ್ಲಿ ಜೋಪಾನ,
ಅಲ್ಲಿ ಬಲ್ಬು ಇಲ್ಲ.
ಆ ಮೂರನೆಯದು ಕೈಜಾರಿದ್ದು ಅಲ್ಲೇ.
ಒಡೆದ ಸದ್ದಲ್ಲ ಅದು:
ಹೊರಗಿನ ಗಾಳಿ ಅಷ್ಟು ದಿನ ಬಾಗಿಲಲ್ಲಿ ನಿಂತು
ಒಮ್ಮೆಲೇ ಒಳಗೆ ಬಂದ ಸದ್ದು.