ಐದನೇ ದರ್ಜೆಯ ಆಚೆ

ಅಂತರಸಂತೆ ದಾಟಿ, ಗೇಟಿನ ರಿಜಿಸ್ಟರಿಗೆ ರುಜು ಹಾಕಿ
ನಾನೂ ಸೋಮಿಯೂ ಬಿದ್ದ ಮರ ಎಣಿಸಲು ಹೋಗುತ್ತೇವೆ.
ನಿಂತವನ್ನು ಎಣಿಸುವವರು ಬೇರೆ ಇದ್ದಾರೆ.

ಕೆಲಸ ಇಷ್ಟೇ: ದಿಮ್ಮಿಯುದ್ದಕ್ಕೂ ಟೇಪು ಹಿಡಿ,
ನಡುವಿನ ಸುತ್ತಳತೆ ಬರೆ,
ಆಮೇಲೆ ಚಾಕು ಚುಚ್ಚು.
ತುದಿಯೂ ಇಳಿಯದಿದ್ದರೆ ಒಂದನೇ ದರ್ಜೆ.
ಹಿಡಿಯವರೆಗೂ ಹೋದರೆ ಐದು.
ಐದರ ಆಚೆಗೆ ಫಾರಮಿನಲ್ಲಿ ಕಾಲಂ ಇಲ್ಲ,
ಅಲ್ಲಿಂದ ಮುಂದೆ ಅದಕ್ಕೆ ನೆಲ ಅಂತಾರೆ.

ಸೋಮಿಗೆ ಚಾಕು ಬೇಡ. ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಗೊಡುತ್ತಾಳೆ, ಹಲಸು ಕೊಳ್ಳುವವಳ ಹಾಗೆ.
"ಬೂರುಗ. ಹೋದ ಮಳೆಗೂ ಮುಂಚಿನ ಮಳೇಲಿ ಬಿದ್ದದ್ದು.
ಬೂರುಗಕ್ಕೇನು, ಬೆಳೆಯೋಕೂ ಅವಸರ, ಕರಗೋಕೂ ಅವಸರ."
ಅದರ ಮೇಲೇ ಒರಗಿದ ಮತ್ತಿ ಮಾತ್ರ
ಮೊಸಳೆ ಚರ್ಮ ಹೊದ್ದು ಇನ್ನೂ ಯೋಚಿಸುತ್ತಿದೆ.

ಅಪ್ಪ ಕೂಪಿನಲ್ಲಿ ಸುತ್ತಿಗೆ ಮುದ್ರೆ ಹೊಡೆದು
ಹುಣಸೂರಿನ ಡಿಪೋಗೆ ನಾಟಾ ಕಳಿಸುತ್ತಿದ್ದವನು.
ಅವನಿಗೆ ಬಿದ್ದ ಮರ ಅಂದರೆ
ಲಾರಿಗೆ ಕಾಯುತ್ತಿರುವ ಮರ.
ಕೊಳೆಯುವುದು ಕಳ್ಳತನ.
ಗೆದ್ದಲನ್ನು ಬಯ್ಯುತ್ತಿದ್ದ, ಅದರ ಅವ್ವನನ್ನೂ ಸೇರಿಸಿ.
ಊಟಕ್ಕೆ ಕೂತರೂ ಎಡಗೈ ನೆಲದ ಮೇಲೆ ಘನ ಅಡಿ ಗುಣಿಸುತ್ತಿತ್ತು.

ಆಮೇಲೆ ಕಾನೂನು ಬಂತು,
ಬಿದ್ದದ್ದು ಬಿದ್ದಲ್ಲೇ ಇರಲಿ ಅಂತ.
ಕಾಡು ಜಮಾ ಮಾಡತೊಡಗಿತು.
ಆನೆ ಕೆಡವಿದ್ದು, ಗಾಳಿ ಕೆಡವಿದ್ದು,
ಸಾಕೆನಿಸಿ ತಾನೇ ಕೂತದ್ದು,
ದಿಂಡಿಗದ ಮೇಲೆ ಹೊನ್ನೆ, ಹೊನ್ನೆಯ ಗಾಯದಲ್ಲಿ ಕೆಂಪು ಹೆಪ್ಪು,
ಒಣಗಿದ ಬಿದಿರು ಮೆಳೆ ಮೆಳೆಯಾಗಿ ಅವುಗಳ ಮೇಲೆ,
ಅದೆಲ್ಲದರ ಸಂದಿಯಲ್ಲಿ ಕರಡಿ ಬಗೆದು ಚೆಲ್ಲಿದ
ಚಹಾಪುಡಿಯಂಥ ಮರ.

ಆ ಮಂಗಳವಾರ ಲಂಟಾನ ಸವರಿದಾಗ ಸಿಕ್ಕಿತು:
ತೇಗ. ಹದಿನೆಂಟು ಅಡಿ.
ಹೊರಗಿನ ಬಿಳಿಯೆಲ್ಲ ಹುಡಿಯಾಗಿ ಉದುರಿ
ಕೆಚ್ಚು ಮಾತ್ರ ಮಲಗಿತ್ತು.
ಕೊಯ್ದ ಮುಖದ ಪಾಚಿಯನ್ನು ಹೆಬ್ಬೆರಳಲ್ಲಿ ಉಜ್ಜಿದೆ.
ನಾಲ್ಕು. ಒಂದು.
ಮೂರನೆಯ ಅಂಕಿ ಇದ್ದಲ್ಲಿ ಒಂದು ಅಣಬೆ, ಕಿವಿಯ ಹಾಗೆ.
ಪೆಟ್ಟು ಒಂದು ಮಗ್ಗುಲಿಗೆ ಆಳ, ಇನ್ನೊಂದಕ್ಕೆ ತೇಲು.
ಎಡಚರ ಪೆಟ್ಟು.

ಒಂದು ದಿಮ್ಮಿ ಕಡಿಮೆ ಬಂತೆಂದು
ಅಪ್ಪನ ಸಂಬಳದಲ್ಲಿ ಹನ್ನೊಂದು ತಿಂಗಳು ಹಿಡಿದಿದ್ದರು.
ಮಾರಿಕೊಂಡ ಅಂದಿದ್ದರು. ಅವನು
ಇಲ್ಲ ಅಂದದ್ದು ಒಂದೇ ಸಲ.
ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ
ಏನನ್ನೂ ಕೇಳಲಿಲ್ಲ.

ಚಾಕು ಚುಚ್ಚಿದೆ. ಒಂದು ಬೆರಳಗಲ. ನಿಂತಿತು.
"ಎರಡಾ? ಮೂರಾ?" ಫಾರಮು ಹಿಡಿದ ಸೋಮಿ ಕೇಳಿದಳು.
ಬುಡದಲ್ಲಿ ಮರಿಗಳನ್ನು ಬೆನ್ನ ಮೇಲೆ ಹೊತ್ತ ಚೇಳೊಂದು
ಬೆಳಕು ಬೇಡವೆಂದು ಒಳಸರಿಯಿತು.
ಅಪ್ಪ ಈಗ ಐದರ ಆಚೆ. ಯಾರಿಗೆ ಹೇಳಲಿ?
ಡಿಪೋದಲ್ಲಿ ಅವನನ್ನು ಬಯ್ದವರೂ ಅಲ್ಲೇ ಎಲ್ಲೋ.

ಎರಡು ಅಂತ ಬರಿ, ಅಂದೆ.
ಷರಾ ಕಾಲಮ್ಮು ಎಂದೂ ಖಾಲಿ ಬಿಡುವುದೇ. ಅಲ್ಲಿ ನಾನೇ
ಪೆನ್ಸಿಲು ಇಸಿದುಕೊಂಡು ಬರೆದೆ: ಸಿಕ್ಕಿದೆ.

ಬುತ್ತಿ ಉಂಡು ಬರುವಷ್ಟರಲ್ಲಿ
ಚಾಕುವಿನ ತೂತಿಗೆ ಗೆದ್ದಲು
ಒದ್ದೆ ಮಣ್ಣು ಮೆತ್ತುತ್ತಿತ್ತು.