ಒತ್ತಿದರೆ ಗೊತ್ತಾಗಬೇಕು

ಉಲ್ಲಾಸ ರಾಯ್ಕರನ ಅಂಗಡಿಯಲ್ಲಿ
ಗಾಜಿನ ಕೆಳಗೆ ಒಂಬತ್ತು ಕ್ಯಾಮೆರಾ, ಒಂಬತ್ತೂ ಹಳೆಯವು.
ಮದುವೆ ಮುಗಿಸಿದವು, ಬಾರಸೆ ಮುಗಿಸಿದವು,
ಒಂದರ ಬಾಯಿ ತೆರೆದರೆ ಮುಚ್ಚುವುದಿಲ್ಲ,
ಇನ್ನೊಂದರದು ಮುಚ್ಚಿದ್ದು ತೆರೆಯುವುದಿಲ್ಲ.
"ಈಗ ಯಾರು ಕೇಳ್ತಾರೆ ಮೇಡಂ ಇದನ್ನ,
ಎಲ್ಲರ ಕಿಸೆಯಲ್ಲೂ ಫೋನಿದೆ" ಎಂದ.
ನನಗಲ್ಲ, ಎಂದೆ.

ಶೇವಂತಿಗೆ.
ಕೋಡಿಬಾಗದಲ್ಲಿ ಕಾಳಿಯ ನೀರು ಇಳಿದಾಗ
ಮೊಣಕಾಲುದ್ದ ಕೆಸರಲ್ಲಿ ಬಾಗಿ ಬಳಚು ಹೆಕ್ಕುವವಳು,
ಗುಪ್ಪೆ ಹಾಕಿ ಮಾರುವವಳು.
ಅಂಚೆ ಕಚೇರಿಯ ನನ್ನ ಕೌಂಟರಿಗೆ ಮೊದಲು ಬಂದ ದಿನ
ಅವಳ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ.
ಒರೆಸಿ ಇಟ್ಟಳು. ಊದಿ ಇಟ್ಟಳು.
ಬಲದ್ದು, ಎಡದ್ದು, ಕೊನೆಗೆ ಕಿರುಬೆರಳೂ.
ಚಿಪ್ಪು ಉಜ್ಜಿ ಉಜ್ಜಿ ಗೆರೆಯೆಲ್ಲ ಹೊಳೆಗೆ ಹೋಗಿತ್ತು.
ಸಾಲಿನವರು ಗೊಣಗಿದರು. ಅವಳು ನಕ್ಕಳು:
"ನಾನೇ ನಾನು ಅಂತ ಇದಕ್ಕೆ ಯಾರು ಹೇಳಬೇಕು ಬಾಯೇ?"
ಅಲ್ಲಿಂದ ನಮ್ಮ ಗೆಳೆತನ.

ಮಗಳು ಕೊಟ್ಟ ಫೋನೂ ಹಾಗೆಯೇ,
ಅವಳು ಮುಟ್ಟಿದರೆ ಏಳುವುದಿಲ್ಲ.
ಉಪ್ಪುನೀರಿನ ಬೆರಳು ಕಂಡರಂತೂ
ಸತ್ತ ಹಾಗೆ ಮಲಗುತ್ತದೆ.

ಹಾಗಾಗಿ ಗುಂಡಿ ಬೇಕು ಉಲ್ಲಾಸ,
ಒತ್ತಿದರೆ ಒತ್ತಿದ್ದು ಬೆರಳಿಗೆ ಗೊತ್ತಾಗುವ ಗುಂಡಿ.
ಮೂರೂವರೆ ಸಾವಿರದೊಳಗೆ.
ಗೂಡಂಗಡಿಯ ಪೆನ್ಸಿಲ್ ಸೆಲ್ ಹಾಕುವಂಥದ್ದು;
ಅವಳ ಮನೆಯಲ್ಲಿ ನೆಟ್ಟಗಿರುವ ಪ್ಲಗ್ಗು ಒಂದೇ, ಅದು ಮಿಕ್ಸರಿನದು.
ಹೂವು, ಗುಡ್ಡ, ಓಡುವ ಮನುಷ್ಯ
ಬರೆದಿರುವ ಆ ಚಕ್ರ ಬೇಡ.
ಒಮ್ಮೆ ತಿರುಗಿಬಿಟ್ಟರೆ ನನ್ನನ್ನು ಕರೆಯುತ್ತಾಳೆ,
ನನಗೂ ಬರುವುದಿಲ್ಲ.

"ಜೂಮು?"
ಬೇಕು. ಅದೊಂದರಲ್ಲಿ ಚೌಕಾಶಿ ಇಲ್ಲ.
ಅವನು ಕನ್ನಡಕ ಮೇಲೆತ್ತಿದ.
ಬಳಚಿನವಳಿಗೆ ಜೂಮು?

ಹೇಗೆ ಹೇಳಲಿ.
ಸಂಜೆಯ ಇಳಿತಕ್ಕೆ ಸೇತುವೆ ಮೇಲೆ ಕಾರುಗಳು ನಿಲ್ಲುತ್ತವೆ.
ಗೋವಾಕ್ಕೆ ಹೊರಟವರು, ಗೋವಾದಿಂದ ಮರಳುವವರು
ಕಂಬಿಗೆ ಎದೆಯಾನಿಸಿ ಕೆಳಗೆ ಗುರಿ ಹಿಡಿಯುತ್ತಾರೆ:
ಕೆಂಪು ನೀರು, ಬಾಗಿದ ಬೆನ್ನುಗಳು.
ಇಪ್ಪತ್ತೆರಡು ವರ್ಷ. ಎಷ್ಟು ಊರಿನ ಗೋಡೆಗಳಲ್ಲಿ
ತನ್ನ ಬೆನ್ನು ತೂಗುತ್ತಿದೆಯೋ, ಅವಳಿಗೆ ತಿಳಿಯದು.
"ಅವರಿಗೆ ನಾನು ಇಷ್ಟಾದರೂ ಸಿಗ್ತೇನೆ,"
ಆ ನುಣುಪು ಹೆಬ್ಬೆಟ್ಟು ತೋರಿಸಿದಳು,
"ನನಗೆ ಅವರು ಇಷ್ಟೂ ಸಿಗೂದಿಲ್ಲ. ಬರೀ ತಲೆ, ಹಿಂದೆ ಬಿಸಿಲು.
ಹತ್ತಿರ ತಂದು ಒಮ್ಮೆ ಮುಖ ನೋಡ್ಬೇಕು."

ಇದನ್ನೆಲ್ಲ ಹೇಳಲಿಲ್ಲ. ದೂರದ್ದು ಕಾಣಬೇಕಂತೆ, ಎಂದೆ.
ಒಳಗೆ ಹೋಗಿ ರಟ್ಟಿನ ಡಬ್ಬಿ ತಡಕಿ
ಬೂದು ಬಣ್ಣದ್ದೊಂದು ತಂದ. ಮೂಲೆ ನೆಗ್ಗಿತ್ತು.
ಒತ್ತಿದೆ. ಟಕ್ ಎಂದಿತು, ಹಳೆಯ ಕೊಡೆಯ ಹಾಗೆ.
ಮೂರು ಸಾವಿರದ ಇನ್ನೂರು. ಚೀಲ ಪುಕ್ಕಟೆ.
"ಸೆಲ್ ತೆಗೆದರೆ ತಾರೀಖು ಮರೆತುಬಿಡ್ತದೆ ಮೇಡಂ,
ಅದೊಂದು ಕಾಯಿಲೆ ಇದಕ್ಕೆ."

ಬಲೆಯ ದಾರ ಹೆಣೆದು ಕೊರಳಿಗೆ ಕಟ್ಟಿಕೊಂಡಳು,
ಮೇಲೊಂದು ಹಾಲಿನ ತೊಟ್ಟೆ ಸುತ್ತಿದಳು.
ತಿಂಗಳು ಕಳೆದು ತೋರಿಸಲು ಬಂದಳು,
ಕೌಂಟರಿನ ಆಚೆಯಿಂದ, ಒಂದೊಂದೇ ಒತ್ತುತ್ತ:
ಬಾಯಲ್ಲಿ ಚಿಪ್ಸ್ ಕಚ್ಚಿಕೊಂಡೇ ಬಗ್ಗಿದ ಗಂಡಸು.
ಸೆರಗು ಹಾರಿ ಗಂಡನ ಮುಖ ಮುಚ್ಚಿದ ಮದುಮಗಳು.
ಅಳುವ ಹುಡುಗ, ಐಸ್‌ಕ್ರೀಮು ಹೊಳೆಗೆ ಬಿದ್ದಿತ್ತಂತೆ,
"ಕಡ್ಡಿ ನನ್ನ ಬುಟ್ಟಿಗೇ ಬಂತು."
ಕೆಲವರಿಗೆ ತಲೆಯಿಲ್ಲ. ಕೆಲವು ಬರೀ ಆಕಾಶ.
ಆಮೇಲೆ ಒಬ್ಬಳು, ಹೆಗಲಲ್ಲಿ ಖಾಕಿ ಚೀಲ,
ಫೋನು ಎತ್ತಿ, ಒಂದು ಕಣ್ಣು ಮುಚ್ಚಿ, ಕೆಳಗೆ ಗುರಿಯಿಟ್ಟವಳು.

ಆಗ ನನ್ನ ಬಾಯಿ ಹೀಗೆ ತೆರೆದಿರುತ್ತದೆಂದು
ನನಗೆ ಗೊತ್ತಿರಲಿಲ್ಲ.
ಶೇವಂತಿ ಏನೂ ಅನ್ನಲಿಲ್ಲ. ಮುಂದಿನದನ್ನು ಒತ್ತಿದಳು.

ಎಲ್ಲದರ ಮೂಲೆಯಲ್ಲೂ ಹಳದಿ ಅಂಕೆ,
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಕಾಳಿ ಸೇತುವೆಗೆ ಇವರೆಲ್ಲ ಬಂದದ್ದು ಒಂದೇ ದಿನ,
ನಾನೂ.
ಸರಿಮಾಡೋಣವೆಂದು ಇಬ್ಬರೂ ಕೂತೆವು. ಒತ್ತಿದೆವು, ಒತ್ತಿದೆವು,
ಅಕ್ಷರವೆಲ್ಲ ಚೀನಿಯಾಯಿತು.
"ಇರ್ಲಿ ಬಿಡು," ಎಂದಳು, "ತೆಗೆಯೋ ಗುಂಡಿ ಅಲ್ಲೇ ಇದೆಯಲ್ಲ."
ನೀರು ಇಳಿಯುವ ಹೊತ್ತಾಗಿತ್ತು. ಹೊರಟಳು.