ಸಕ್ಕರೆಯ ಅಂಗಿ

ಮಾರ್ಚ್ ತಿಂಗಳ ಜಿಂದೇರ್. ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿದರೂ
ಮರಳುಗಾಡಿನ ಧೂಳು ಸೂಕ್ಷ್ಮದರ್ಶಕದ ಕಣ್ಣಿಗೂ ಬೀಳುತ್ತದೆ.
ಯಾಗಾನಾ, ನಿನ್ನ ಮಗನ ಬೆನ್ನಿಂದ ತೆಗೆದ ನೀರು
ತಿಳಿಯಾಗಿರಬೇಕಿತ್ತು.
ಅಕ್ಕಚ್ಚಿನ ಹಾಗಿತ್ತು.

ಗಾಜಿನ ಮೇಲೆ ಕಂಡವು:
ಅಲಸಂದೆ ಒಡೆದು ಬೇಳೆಗೆ ಬೇಳೆ ಎದುರಿಟ್ಟಂತೆ
ಜೋಡಿ ಜೋಡಿ, ಗುಲಾಬಿ ಬಣ್ಣ.
ನೋಡಲು ಚೆಂದ. ಅದನ್ನು ನಿನಗೆ ಹೇಳಲಿಲ್ಲ.

ಆಮೇಲೆ ಕಪ್ಪು ರಟ್ಟಿನ ಮೇಲೆ ಹನಿಗೆ ಹನಿ ಬೆರೆಸಿ
ಓಲಾಡಿಸಿದೆ, ಕೂಸು ತೂಗಿದಷ್ಟೇ ಮೆಲ್ಲಗೆ.
ಎರಡು ನಿಮಿಷವೂ ಆಗಲಿಲ್ಲ, ಹಾಲು ಒಡೆಯಿತು.
ಅಂದರೆ ಕವಚವಿದೆ. ಅಂದರೆ ಸಿ ಗುಂಪು.

ಕವಚವೆಂದರೆ ಕಬ್ಬಿಣವಲ್ಲ, ಯಾಗಾನಾ, ಸಕ್ಕರೆ.
ನಮ್ಮದೇ ಜೀವಕೋಶಗಳ ಹೊರಮೈಯಲ್ಲಿರುವಂಥ ಸಕ್ಕರೆ,
ಎಳೆಗೆ ಎಳೆ ಕೂಡಿಸಿ ಹೊಲಿದುಕೊಂಡ ಅಂಗಿ.
ನೆತ್ತರಿನ ಕಾವಲುಗಾರ ತಡವಿ ನೋಡಿ
ಮನೆಯವರೇ ಇರಬೇಕು ಅಂದುಕೊಂಡು
ದಾರಿ ಬಿಡುತ್ತಾನೆ.

ನಿನ್ನ ಬೆನ್ನಿನ ಕೂಸಿನ ಗಂಟಲನ್ನೂ ಒರೆಸಿಕೊಂಡೆನಲ್ಲ,
ಅತ್ತು ನನ್ನ ಬೆರಳು ಕಚ್ಚಿತ್ತು.
ಎರಡು ದಿನದ ಮೇಲೆ ಅದರ ತಟ್ಟೆಯಲ್ಲಿ ಬೆಳೆದದ್ದು ದಾಯಾದಿ:
ಅದೇ ಮೈಕಟ್ಟು, ಅದೇ ಜೋಡಿಬೇಳೆ,
ಹಾಲಿನ ಸಕ್ಕರೆ ಉಣ್ಣುವ ಬಡಪಾಯಿ.
ಅದಕ್ಕೆ ಅಂಗಿ ಹೊಲಿಯಲು ಬಾರದು.
ಬರಿಮೈಯಲ್ಲೇ ಬಿಡಾರ ಹೂಡಿ
ಬಂದ ನೆಂಟನಿಗೆ ಜಾಗವಿಲ್ಲ ಅನ್ನುತ್ತದೆ, ಬಹುಶಃ.
ಬಹುಶಃ ಅನ್ನುವುದನ್ನು ನಾವು ವರದಿಯಲ್ಲಿ ಬರೆಯುವಂತಿಲ್ಲ.

ಇವನಿಗೇ ಯಾಕೆ, ಅಂತ ಕಾನೂರಿಯಲ್ಲಿ ಕೇಳಿದೆ ನೀನು.
ಫ್ರೆಂಚಿನಲ್ಲಿ ಕಲಿತ ನನ್ನ ಉತ್ತರ
ನಮ್ಮ ಮಾತಿಗೆ ಬರುವಷ್ಟರಲ್ಲಿ ಸವೆದು
ಇಷ್ಟೇ ಉಳಿಯಿತು: ಗೊತ್ತಿಲ್ಲ.

ಆ ಅಂಗಿಯ ಚೂರಿನಿಂದಲೇ ಲಸಿಕೆ ಮಾಡುತ್ತಾರೆ,
ಕಾವಲುಗಾರನಿಗೆ ಮುಂಚೆಯೇ ತೋರಿಸಿಡಲು.
ಪೆಟ್ಟಿಗೆಗಳು ನಿಯಾಮೆ ಬಿಟ್ಟಿವೆಯಂತೆ.
ಕಿಯಾರಿ ಅವಕ್ಕಿಂತ ಮೊದಲು ಬಂದುಬಿಟ್ಟ.

ಇವತ್ತು ಕಣ್ಣು ತೆರೆದ. ಕರೆದರೆ ತಿರುಗಲಿಲ್ಲ.
ಜ್ವರದ ಮಂಪರು ಅಂದಳು ನರ್ಸು.
ನಾನು ಬೀಗದ ಕೈಗೊಂಚಲನ್ನು ನೆಲಕ್ಕೆ ಬೀಳಿಸಿ ನೋಡಿದೆ,
ಬೇಕೆಂದೇ.
ಆಗಲೂ ಇಲ್ಲ.

ಸಂಜೆ ಗೇಟಿನ ದನ್ಲಾದಿ ಮೂರನೆಯ ಲೋಟ ಚಹಾ ಕೊಟ್ಟ.
ಮೂರನೆಯದಕ್ಕೆ ಸಿಹಿ ಜಾಸ್ತಿ, ಇಲ್ಲಿನ ವಾಡಿಕೆ.
ಬಾಯಲ್ಲಿಟ್ಟುಕೊಂಡೇ ನಿಂತಿದ್ದೆ, ನುಂಗದೆ.
ಬಾಗಿಲಾಚೆ ನೀನು
ಅವನ ಅಂಗೈಯನ್ನು ನಿನ್ನ ಗಂಟಲಿಗೆ ಒತ್ತಿಕೊಂಡು
ಅವನ ಹೆಸರನ್ನು
ಮತ್ತೆ ಮತ್ತೆ ಕರೆಯುತ್ತಿದ್ದೆ.